ಕತ್ತಿಯ ಅಂಚಿಗಿಂತ ದಪ್ಪ ಈ ರೋಗಾಣು

ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಅಂಚು ಎಷ್ಟು ತೆಳು ಗೊತ್ತೇ? ಅರ್ಧ ಮೈಕ್ರಾನಿಗಿಂತಲೂ ಕಡಿಮೆ! ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಎರಡಾಗಿ ಸೀಳಿದರೆ ಉಳಿಯುವಷ್ಟು. ಗಡ್ಡದ ಒಂದು ಕೂದಲು ಸುಮಾರು 100 ಮೈಕ್ರಾನ್ ದಪ್ಪ. ಇನ್ನು ನಮ್ಮ ಚರ್ಮದ ಮೇಲೆ, ಮೂಗಿನ ಹೊಳ್ಳೆಯೊಳಗೆ ಬಿಡಾರ ಹೂಡಿರುವ ಸ್ಟ್ಯಾಫಿಲೊಕಾಕಸ್ ಎಂಬ ದುಂಡನೆಯ ಬ್ಯಾಕ್ಟೀರಿಯಾ ಒಂದೊಂದೂ ಹೆಚ್ಚುಕಡಿಮೆ ಒಂದು ಮೈಕ್ರಾನ್. ಅಂದರೆ ಕತ್ತಿಯ ಅಂಚಿಗಿಂತ ಅದರ ಮೇಲೆ ಕೂತ ರೋಗಾಣುವೇ ದಪ್ಪ! ಈ ಲೆಕ್ಕ ತಲೆಗೆ ಹೊಕ್ಕ ದಿನ ನಾನು ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡುತ್ತಾ ನಿಂತೆ. ಬೆಳ್ಳಗೆ, ನುಣ್ಣಗೆ, ಕನ್ನಡಿಯ ಹಾಗೆ ಹೊಳೆಯುವ ಈ ಉಕ್ಕಿನ ಮೇಲೆ ನನ್ನ ಕಣ್ಣಿಗೆ ಕಾಣದ ಎಂಥ ಊರುಕೇರಿ ಇದೆ!

ಹೆಪಟೈಟಿಸ್ ಬಿ ವೈರಾಣುವಂತೂ ಇನ್ನೂ ಚಿಕ್ಕದು, 42 ನ್ಯಾನೊಮೀಟರ್. ಅರ್ಧ ಮೈಕ್ರಾನಿನ ಆ ಅಂಚಿನ ಅಡ್ಡಗಲಕ್ಕೆ ಇಂಥವು ಹತ್ತಕ್ಕಿಂತ ಹೆಚ್ಚು ಪಕ್ಕಪಕ್ಕದಲ್ಲಿ ಆರಾಮಾಗಿ ಕೂರುತ್ತವೆ. ಮೈಯ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ, ಈ ವೈರಾಣು ಕನಿಷ್ಠ 7 ದಿನ ಸೋಂಕು ತರುವ ಶಕ್ತಿ ಉಳಿಸಿಕೊಂಡಿರುತ್ತದೆ. ಕಲೆ ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ.

ನಾನು ಈಗ ಇರುವುದು ಕೋಲ್ಕತ್ತದ ಅಲಿಪುರದಲ್ಲಿ. ಇಲ್ಲಿಗೆ ಬಂದದ್ದು ರಾಷ್ಟ್ರೀಯ ಗ್ರಂಥಾಲಯದ ಕನ್ನಡ ವಿಭಾಗದಲ್ಲಿ ಕೂತು ಹಳೆಯ ಪುಸ್ತಕ ಓದಲು. ಆದರೆ ಸೋದರಮಾವ ಕೊಟ್ಟ, ಇಂಗ್ಲೆಂಡಿನ ಒಂದು ಶೆಫೀಲ್ಡ್ ಕತ್ತಿ ಚೀಲದಲ್ಲಿ ಜೊತೆಗೆ ಬಂತು. ಮಡಚುವ ಕತ್ತಿ, ಬೆನ್ನು ದಪ್ಪ, ಅಲಗು ಒಳಕ್ಕೆ ಬಾಗಿದ ಹಾಗೆ ತೆಳುವಾಗುತ್ತಾ ಹೋಗುತ್ತದೆ. ಅದರಲ್ಲಿ ಗಡ್ಡ ಹೆರೆಯುವ ಸುಖವನ್ನು ಬಲ್ಲವರೇ ಬಲ್ಲರು. ಆ ಸುಖಕ್ಕೆ ಬೇಕಾದ ಶುಚಿಯನ್ನು ಕಲಿಯಲು ಹೊರಟವನಿಗೆ ಎಲ್ಲಿಂದೆಲ್ಲಿಗೆ ದಾರಿ ತೆರೆದುಕೊಂಡಿತು! ಗೋಪಾಲನಗರದ ಫುಟ್‌ಪಾತಿನಿಂದ ರಾಬರ್ಟ್ ಕಾಕ್‌ನ ಪ್ರಯೋಗಶಾಲೆಗೆ, ಅಲ್ಲಿಂದ ಅಲಿಪುರದ ಹವಾಮಾನ ಕಚೇರಿಗೆ, ಅಲ್ಲಿಂದ ಮಾಗಡಿಯ ಕುಲುಮೆಗೆ.

ಮೊದಲು ಕೂದಲಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲವೂ ಅಲ್ಲಿಂದಲೇ ಶುರು. 2020ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆಮ್ ತಾಶಾನ್ ಮತ್ತು ಸಂಗಡಿಗರು ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಕೂರಿಸಿ, ಅಲ್ಲೇ ಕೂದಲು ಕತ್ತರಿಸಿ ನೋಡಿದರು. ಕೂದಲು ಉಕ್ಕಿಗಿಂತ 50 ಪಟ್ಟು ಮೃದು. ಆದರೂ ಕೂದಲೇ ಉಕ್ಕನ್ನು ಗೆಲ್ಲುತ್ತದೆ! ಅಂಚು ಸವೆದು ಮೊಂಡಾಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅಲ್ಲಿ ಕಂಡದ್ದೇ ಬೇರೆ. ಕೂದಲು ಓರೆಯಾಗಿ ಬಾಗಿ ಅಂಚಿಗೆ ತಾಗಿದ ಕಡೆ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ, ಅಂಚಿನಿಂದ ಚೂರು ಹಾರಿಹೋಗುತ್ತದೆ. ಹಾರಿದ ಜಾಗದಲ್ಲಿ ಒಂದು ಸಣ್ಣ ಗುಳಿ. ಅದರ ಪಕ್ಕ ಇನ್ನೊಂದು. ಅವರು ನೋಡಿದ್ದು ಪೇಟೆಯ ಬಿಸಾಡುವ ಬ್ಲೇಡನ್ನು, ನಿಜ. ಆದರೆ ನಮ್ಮ ಕತ್ತಿಯೂ ಉಕ್ಕೇ, ನಮ್ಮ ಗಡ್ಡವೂ ಕೂದಲೇ. ನಮಗೆ ನೇರ ಗೆರೆಯಾಗಿ ಕಾಣುವ ಅಂಚು ಹತ್ತಿರದಿಂದ ನೋಡಿದರೆ ಕಲ್ಲು ಕಿತ್ತ ಕೋಟೆಗೋಡೆ. ಸೋಪಿನ ಜಿಡ್ಡು, ಚರ್ಮದ ಸಿಪ್ಪೆ, ಒಮ್ಮೊಮ್ಮೆ ರಕ್ತದ ತೆಳುಪದರ, ಎಲ್ಲಕ್ಕೂ ಅಲ್ಲಿ ಜಾಗ ಉಂಟು.

ಶಾಲೆಯ ಮಕ್ಕಳು ಬಳಸುವ ಒಂದು ಪುಟ್ಟ ಸೂಕ್ಷ್ಮದರ್ಶಕ ಸಿಕ್ಕಿತು. ನಲ್ಲಿಯಡಿ ತೊಳೆದ ಕತ್ತಿಯನ್ನು ಅದರಡಿ ಇಟ್ಟೆ. ಅಂಚಿನ ಗುಳಿಗಳನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಆದರೆ ಕೀಲು! ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಆ ಮೊಳೆಯ ಸುತ್ತ ಬಿಳಿಯ ಗಾರೆಯಂತೆ ಸೋಪು ಗಟ್ಟಿಯಾಗಿತ್ತು. ಅದರಲ್ಲಿ ತುಂಡುಕೂದಲು ಅಡ್ಡಾದಿಡ್ಡಿ ಹೂತುಕೊಂಡಿದ್ದವು, ಪಕ್ಕದಲ್ಲಿ ಕಂದು ಚುಕ್ಕೆಗಳು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಕೂಡಿದರೆ ನೀರಿನಲ್ಲಿ ಕರಗದ ಜಿಡ್ಡಾಗುತ್ತದೆ. ಬರೀ ನೀರು ಸುರಿದರೆ ಅದು ಹೋಗುವುದೇ ಇಲ್ಲ. ಇದು ಇಡೀ ವಿಷಯದ ಬೀಗದ ಕೈ: ಔಷಧಿ ಎಷ್ಟೇ ಬಲವಾಗಿರಲಿ, ಈ ಗಾರೆಯನ್ನು ಕಿತ್ತು ತೆಗೆಯದ ಹೊರತು ಒಳಗಿರುವ ರೋಗಾಣುವಿಗೆ ಅದು ತಾಗುವುದಿಲ್ಲ. ಸ್ಪಿರಿಟ್ಟು ಜಿಡ್ಡನ್ನೂ ರಕ್ತವನ್ನೂ ತೊಳೆಯುವುದಿಲ್ಲ, ಬದಲಿಗೆ ರಕ್ತದಲ್ಲಿರುವ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಅಲ್ಲೇ ಅಂಟಿಸಿಬಿಡುತ್ತದೆ. ಮೊದಲು ತೊಳೆಯಬೇಕು, ಆಮೇಲೆ ಕೊಲ್ಲಬೇಕು, ಆಮೇಲೆ ಒಣಗಿಸಬೇಕು. ಈ ಸಾಲು ತಪ್ಪಿದರೆ ಮೂರೂ ವ್ಯರ್ಥ.

ಗೋಪಾಲನಗರದ ತಿರುವಿನ ಹತ್ತಿರ ಫುಟ್‌ಪಾತಿನ ಮರದಡಿ ಕನ್ನಡಿ ನೇತುಹಾಕಿಕೊಂಡ ಕ್ಷೌರಿಕರೊಬ್ಬರಿದ್ದಾರೆ. ಬಿಹಾರದ ಕಡೆಯವರು. ಗಿರಾಕಿ ಕೂತ ಕೂಡಲೇ ಹೊಸ ಬ್ಲೇಡಿನ ಪೊಟ್ಟಣ ತೆಗೆದು, ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ ಟಕ್ಕೆಂದು ಎರಡಾಗಿ ಮುರಿಯುತ್ತಾರೆ. ಮುರಿದದ್ದನ್ನು ಗಿರಾಕಿಯ ಕಣ್ಣೆದುರು ಹಿಡಿದು, “ನೋಡಿ ದಾದಾ, ಹೊಚ್ಚ ಹೊಸದು” ಎನ್ನುತ್ತಾರೆ. ಅರ್ಧವನ್ನು ಉಸ್ತರಾಗೆ, ಅಂದರೆ ಬ್ಲೇಡು ಕಚ್ಚಿ ಹಿಡಿಯುವ ಕ್ಷೌರದ ಕತ್ತಿಗೆ, ಸಿಕ್ಕಿಸಿ ಇನ್ನರ್ಧವನ್ನು ಮುಂದಿನವರಿಗೆ ಎತ್ತಿಡುತ್ತಾರೆ. ಈ ಟಕ್ ಎನ್ನುವ ಸದ್ದು ಈಗ ಊರೂರಲ್ಲಿ ಕೇಳುತ್ತದೆ, ನಮ್ಮ ಹುಬ್ಬಳ್ಳಿ ಮೈಸೂರುಗಳಲ್ಲೂ. ಏಡ್ಸ್ ಭಯ ಹಬ್ಬಿದ ಕಾಲದಿಂದ ಹಳೆಯ ಮಸೆಯುವ ಕತ್ತಿ ಕ್ಷೌರದಂಗಡಿಗಳಿಂದ ಮರೆಯಾಗುತ್ತಾ ಬಂತು, ಅದರ ಜಾಗಕ್ಕೆ ಅರೆಬ್ಲೇಡಿನ ಉಸ್ತರಾ ಬಂತು. ಎಷ್ಟು ಜನರ ಜೀವ ಉಳಿಸಿರಬಹುದು ಆ ಸಣ್ಣ ಸದ್ದು!

ಆದರೆ ಅವರ ಕೈಯನ್ನು ಹತ್ತಿರದಿಂದ ನೋಡುತ್ತಾ ನನಗೆ ಹೊಳೆದದ್ದು ಇನ್ನೊಂದು. ಬ್ಲೇಡು ಹೊಸದು, ಆದರೆ ಅದನ್ನು ಕಚ್ಚಿ ಹಿಡಿಯುವ ಉಸ್ತರಾದ ಸೀಳು ಹಳೆಯದು! ಹಿಂದಿನ ಗಿರಾಕಿಯ ನೊರೆ ಹೊಕ್ಕದ್ದು ಆ ಸೀಳಿಗೆ, ಗೀರಿದಾಗ ರಕ್ತ ಇಳಿದದ್ದೂ ಅಲ್ಲಿಗೆ. ಹೊಸ ಬ್ಲೇಡನ್ನು ಹಳೆಯ ಸೀಳಿಗೆ ತೂರಿಸುವಾಗಲೇ ಅದರ ಅಂಚಿಗೆ ಹಳೆಯದು ತಾಗಬಹುದು. ಮನೆಯಲ್ಲಿ ಅರೆಬ್ಲೇಡಿನ ಉಸ್ತರಾ ಬಳಸುವವರು ಬ್ಲೇಡು ಬದಲಿಸಿದೆನಲ್ಲ ಎಂದು ಸುಮ್ಮನಾಗುವುದು ಇಲ್ಲೇ. ಬ್ಲೇಡು ತೆಗೆದ ಮೇಲೆ ಆ ಬಾಯನ್ನು ಪೂರ್ತಿ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರು ಹಾಕಿ ಉಜ್ಜಿ, ತೊಳೆದು, ಒರೆಸಿ, ಸ್ಪಿರಿಟ್ಟು ತಾಗಿಸಿ ಒಣಗಲು ಬಿಟ್ಟರೆ ಮಾತ್ರ ಹೊಸ ಬ್ಲೇಡು ಹೊಸದಾಗಿ ಉಳಿಯುತ್ತದೆ.

ಈಗ ಸ್ಪಿರಿಟ್ಟಿಗೆ ಬರೋಣ, ಇದರಷ್ಟು ಬೆರಗಿನ ವಿಷಯ ಇನ್ನೊಂದಿಲ್ಲ. ನೂರಕ್ಕೆ ನೂರು ಶುದ್ಧ ಆಲ್ಕೊಹಾಲ್ ಬಲವೋ, ನೀರು ಬೆರೆಸಿದ್ದು ಬಲವೋ? ಯಾರನ್ನು ಕೇಳಿದರೂ ಶುದ್ಧವಾದದ್ದೇ ಎನ್ನುತ್ತಾರೆ. ಸತ್ಯ ತಲೆಕೆಳಗು! ಶೇಕಡಾ 70ರ ಸುಮಾರಿನದು, ಅಂದರೆ ಮೂರನೇ ಒಂದು ಪಾಲಿನಷ್ಟು ನೀರು ಕೂಡಿದ್ದು, ಶುದ್ಧವಾದದ್ದಕ್ಕಿಂತ ಚೆನ್ನಾಗಿ ಕೊಲ್ಲುತ್ತದೆ. ಆಲ್ಕೊಹಾಲ್ ರೋಗಾಣುವಿನ ಪ್ರೋಟೀನನ್ನು ಕೆಡಿಸಿ ಕೊಲ್ಲುವುದು, ಆ ಕೆಲಸಕ್ಕೆ ನೀರು ಬೇಕೇ ಬೇಕು. ನೀರಿಲ್ಲದ ಆಲ್ಕೊಹಾಲ್ ಜೀವಕೋಶದ ನೀರನ್ನೇ ಹೀರಿ ಅದನ್ನು ಒಣಗಿಸುತ್ತದೆ ಹೊರತು ಒಳಗಿನದನ್ನು ಸರಿಯಾಗಿ ಕೆಡಿಸುವುದಿಲ್ಲ. ಮೇಲಾಗಿ ಶುದ್ಧವಾದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತದೆ, ನೀರು ಕೂಡಿದ್ದು ಒಂದಷ್ಟು ಹೊತ್ತು ಒದ್ದೆಯಾಗಿ ನಿಂತು ಕೆಲಸ ಮಾಡುತ್ತದೆ.

ಆದರೆ ಈ ಬಲಕ್ಕೂ ಒಂದು ಮಿತಿ ಉಂಟು. 1881ರಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ರೇಷ್ಮೆ ದಾರದ ತುಂಡುಗಳಿಗೆ ಆಂಥ್ರಾಕ್ಸ್ ರೋಗದ ಬೀಜಾಣು ಹಚ್ಚಿ, ಒಂದೊಂದನ್ನೂ ಒಂದೊಂದು ಔಷಧಿಯಲ್ಲಿ ನೆನೆಸಿಟ್ಟು, ಆಮೇಲೆ ಬೆಳೆಯುತ್ತವೆಯೇ ಎಂದು ನೋಡಿದ. ಆಲ್ಕೊಹಾಲಿನಲ್ಲಿ ದಿನಗಟ್ಟಲೆ ಬಿದ್ದಿದ್ದ ಬೀಜಾಣುಗಳು ಏನೂ ಆಗದವರಂತೆ ಎದ್ದು ಬೆಳೆದವು! ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ಕಟ್ಟಿಕೊಳ್ಳುವ ಬೀಜಾಣುವಿನ ಗಟ್ಟಿಚಿಪ್ಪನ್ನು ಆಲ್ಕೊಹಾಲ್ ಭೇದಿಸಲಾರದು. ಇದೇ ಕಾಕ್ 1883ರ ಡಿಸೆಂಬರಿನಲ್ಲಿ ಈ ಕಲ್ಕತ್ತೆಗೇ ಬಂದಿಳಿದ. ಇಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕೂತು, ಬೇಲಿಯಾಘಾಟದ ಕಡೆಯ ಕೆರೆನೀರನ್ನು ತರಿಸಿ ನೋಡಿ, 1884ರಲ್ಲಿ ಕಾಲರಾದ ಅಲ್ಪವಿರಾಮದಾಕಾರದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದ. ರೋಗಾಣುವನ್ನು ಹೇಗೆ ಕೊಲ್ಲಬೇಕು, ಕೊಂದದ್ದು ಹೌದೇ ಎಂದು ಹೇಗೆ ಪರೀಕ್ಷಿಸಬೇಕು ಎಂದು ಲೋಕಕ್ಕೆ ಕಲಿಸಿದವನು ನಡೆದಾಡಿದ ಊರಿನಲ್ಲಿ ಕೂತು ನಾನು ಹತ್ತಿಯ ಉಂಡೆಗೆ ಸ್ಪಿರಿಟ್ಟು ಹನಿಸುತ್ತಿದ್ದೇನೆ ಎಂಬುದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಔಷಧಿ ಅಂಗಡಿಯಲ್ಲಿ 70 ಎಂದು ಅಚ್ಚಾಗಿರುವ ಐಸೊಪ್ರೊಪೈಲ್ ಆಲ್ಕೊಹಾಲ್ ಬಾಟಲಿ ಕೇಳಿ ತನ್ನಿ. ತೊಳೆದು ಒರೆಸಿದ ಕತ್ತಿಯ ಎರಡೂ ಕೆನ್ನೆಗೆ, ಕೀಲಿನ ಸಂದಿಗೆ, ಹತ್ತಿಯಿಂದ ಧಾರಾಳವಾಗಿ ಹಚ್ಚಿ. ಕೈಯ ದಿಕ್ಕು ಯಾವಾಗಲೂ ಬೆನ್ನಿನಿಂದ ಅಂಚಿನ ಕಡೆಗೆ. ಅಂಚಿಗೆದುರಾಗಿ ಒರೆಸಿದರೆ ಹತ್ತಿಯೂ ಸೀಳುತ್ತದೆ, ಬೆರಳೂ ಸೀಳುತ್ತದೆ. ಹಚ್ಚಿದ ಕೂಡಲೇ ಒರೆಸಬೇಡಿ, ಒಂದೆರಡು ನಿಮಿಷ ಒದ್ದೆಯಾಗೇ ಇರಲಿ, ತಾನಾಗಿ ಆರಲಿ. ಒಬ್ಬರೇ ಬಳಸುವ ಕತ್ತಿಗೆ ಇಷ್ಟು ಧಾರಾಳವಾಗಿ ಸಾಕು. ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಇರಕೂಡದು. ಹಗಲಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣಿಸದಿರಬಹುದು.

ಡೆಟಾಲ್ ಆಗದೇ ಎಂದು ಕೇಳುವವರಿದ್ದಾರೆ. ಚರ್ಮದ ಬ್ಯಾಕ್ಟೀರಿಯಾಗೆ ಅದು ಒಳ್ಳೆಯದೇ, ಆದರೆ ಜಿಡ್ಡು ಬಿಡುತ್ತದೆ, ಮತ್ತೆ ತೊಳೆಯಬೇಕು. ಬಟ್ಟೆಗೆ ಹಾಕುವ ಬ್ಲೀಚಿನ ನೀರು ವೈರಾಣುಗಳನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಆದರೆ ಉಕ್ಕನ್ನೂ ತಿಂದುಹಾಕುತ್ತದೆ, ಕತ್ತಿಯ ಹತ್ತಿರ ಅದು ಸುಳಿಯಬಾರದು. ಮತ್ತೆ ಬೆಂಕಿ? ಸೂಜಿಯನ್ನು ಕಾಯಿಸಿ ಮುಳ್ಳು ತೆಗೆಯುವ ನಮಗೆ ಕತ್ತಿಯನ್ನೂ ಜ್ವಾಲೆಗೆ ತೋರಿಸೋಣ ಎನಿಸುತ್ತದೆ. ಬೇಡವೇ ಬೇಡ! ಕ್ಷೌರದ ಕತ್ತಿಯ ಉಕ್ಕನ್ನು ಕೆಂಪಗೆ ಕಾಯಿಸಿ ತಣಿಸಿ ಗಡಸು ಮಾಡಿ, ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಹದಕ್ಕೆ ತಂದಿರುತ್ತಾರೆ. ಅದಕ್ಕಿಂತ ಹೆಚ್ಚು ಕಾಯಿತೋ, ಗಡಸುತನ ಹೋಯಿತು. ಅಂಚು ಅಷ್ಟು ತೆಳುವಾದ್ದರಿಂದ ಮೇಣದ ಬತ್ತಿಯ ಜ್ವಾಲೆಯಲ್ಲೂ ಕ್ಷಣದಲ್ಲಿ ಅದು 300 ಡಿಗ್ರಿ ದಾಟಿ ನೀಲಿಗಟ್ಟುತ್ತದೆ. ನೋಡಲು ನವಿಲುಗರಿಯ ಚೆಂದ, ಆದರೆ ಆ ಅಂಚು ಮತ್ತೆ ಗಡ್ಡ ಹೆರೆಯದು. ಕುದಿಯುವ ನೀರು 100 ಡಿಗ್ರಿ ಮಾತ್ರ, ಉಕ್ಕಿನ ಹದಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಕೊಂಬಿನ ಹಿಡಿ, ಮರದ ಹಿಡಿ ಕುದಿಯಲ್ಲಿ ಸೊಟ್ಟಗಾಗಿ ಸೀಳುತ್ತವೆ.

ಇಷ್ಟರವರೆಗೆ ಎಲ್ಲ ಊರಿಗೂ ಒಂದೇ ಪಾಠ. ಇನ್ನು ಮುಂದಿನದು ಅಲಿಪುರದ್ದೇ!

ಬಂಗಾಳಿಗಳ ಬಾಯಲ್ಲಿ ಅಲಿಪುರ ಎಂದರೆ ಮೃಗಾಲಯ, ಜೈಲು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹವಾಮಾನ. ಟಿವಿಯಲ್ಲಿ, ಪತ್ರಿಕೆಯಲ್ಲಿ, ಮೀನಿನ ಮಾರುಕಟ್ಟೆಯಲ್ಲಿ “ಅಲಿಪುರ ಹವಾಮಾನ ಕಚೇರಿ ಹೀಗಂದಿದೆ” ಎಂಬ ಮಾತು ಕೇಳದ ದಿನವಿಲ್ಲ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿದಾಗ ಅದರ ಮುಖ್ಯ ಕಚೇರಿ ಇದ್ದದ್ದು ಕಲ್ಕತ್ತೆಯಲ್ಲೇ. ಈಗಿನ ಪ್ರಾದೇಶಿಕ ಕೇಂದ್ರ ಅಲಿಪುರದ ಡ್ಯುಯೆಲ್ ಅವೆನ್ಯೂದಲ್ಲಿದೆ. ಕೋಲ್ಕತ್ತದ ಉಷ್ಣಾಂಶ ಇಷ್ಟು, ಗಾಳಿಯ ತೇವ ಇಷ್ಟು ಎಂದು ನಾವು ಓದುವ ಅಂಕಿ ಅಲಿಪುರದಲ್ಲಿ ಅಳೆದದ್ದು. ಮಳೆಗಾಲದಲ್ಲಿ ಆ ತೇವದ ಅಂಕಿ ಶೇಕಡಾ 90 ದಾಟುವುದು ಮಾಮೂಲು.

ಆ ಅಂಕಿಗೂ ನನ್ನ ಕತ್ತಿಗೂ ಏನು ನಂಟು? 1930ರ ಸುಮಾರಿನಲ್ಲಿ ಇಂಗ್ಲೆಂಡಿನ ಡಬ್ಲ್ಯು. ಎಚ್. ಜೆ. ವೆರ್ನನ್ ಎಂಬ ವಿಜ್ಞಾನಿ ಕಬ್ಬಿಣವನ್ನು ಬೇರೆ ಬೇರೆ ತೇವದ ಗಾಳಿಯಲ್ಲಿಟ್ಟು ತುಕ್ಕು ಹಿಡಿಯುವುದನ್ನು ಅಳೆದ. ತೇವ ಹೆಚ್ಚಿದಂತೆ ತುಕ್ಕು ಸ್ವಲ್ಪಸ್ವಲ್ಪವೇ ಹೆಚ್ಚುತ್ತದೆ ಎಂದು ಯಾರಾದರೂ ಊಹಿಸಬಹುದು. ಹಾಗಲ್ಲ! ಶೇಕಡಾ 60ರ ಆಸುಪಾಸಿನವರೆಗೆ ಹೆಚ್ಚೇನೂ ಇಲ್ಲ, ಅದನ್ನು ದಾಟುತ್ತಿದ್ದಂತೆ ತುಕ್ಕು ಒಮ್ಮೆಲೇ ನೆಗೆಯುತ್ತದೆ. ನೀರು ತಾಗಲೇಬೇಕೆಂದಿಲ್ಲ, ಗಾಳಿಯ ತೇವವೇ ಕಣ್ಣಿಗೆ ಕಾಣದ ಪದರವಾಗಿ ಉಕ್ಕಿನ ಮೇಲೆ ಕೂರುತ್ತದೆ. ಬೆವರಿನ ಉಪ್ಪು, ಗಾಳಿಯ ಧೂಳು ಸೇರಿದರೆ ಇನ್ನೂ ಬೇಗ. ಧಾರವಾಡದ ಬೇಸಿಗೆಯಲ್ಲಿ ಬರೀ ಒರೆಸಿಟ್ಟರೆ ತಿಂಗಳುಗಟ್ಟಲೆ ಹೊಳೆಯುವ ಕತ್ತಿ ಅಲಿಪುರದ ಆಷಾಢದಲ್ಲಿ ಒಂದು ರಾತ್ರಿಗೆ ಚುಕ್ಕೆ ಬಿಡುವುದು ಇದಕ್ಕೇ. ತುಕ್ಕಿನ ಗುಳಿ ಎಂದರೆ ರೋಗಾಣುವಿಗೆ ಇನ್ನೊಂದು ಗುಹೆ, ಸ್ಪಿರಿಟ್ಟಿನ ಹತ್ತಿ ಅದರ ತಳ ಮುಟ್ಟದು. ಒಣಗಿಸುವುದೂ ಸೋಂಕು ಕಳೆಯುವುದರ ಒಂದು ಭಾಗವೇ ಎಂದು ನನಗೆ ಮನದಟ್ಟಾದದ್ದು ಈ ಅಂಕಿಯಿಂದ.

ನಾನು ದಿನವೂ ಹೋಗುವ ಗ್ರಂಥಾಲಯದವರೂ ಇದೇ ತೇವದೊಡನೆ ಹೋರಾಡುತ್ತಾರೆ. ಅಲ್ಲಿ ಕತ್ತಿಯ ಬದಲು ಕಾಗದ, ತುಕ್ಕಿನ ಬದಲು ಬೂಷ್ಟು. 1953ರಲ್ಲಿ ಬೆಲ್ವೆಡೇರ್ ಅರಮನೆಯಲ್ಲಿ ಈ ಗ್ರಂಥಾಲಯ ಓದುಗರಿಗೆ ಬಾಗಿಲು ತೆರೆದಾಗ ಅದರ ಚುಕ್ಕಾಣಿ ಹಿಡಿದಿದ್ದವರು ಬಿ. ಎಸ್. ಕೇಶವನ್, ಅಂದರೆ ಬಳ್ಳಾರಿ ಶಾಮಣ್ಣ ಕೇಶವನ್. ಅದಕ್ಕೂ ಮೊದಲು ಮೈಸೂರಿನಲ್ಲಿ ಪಾಠ ಹೇಳಿದ್ದವರು. ಹೆಸರಿನಲ್ಲಿ ಬಳ್ಳಾರಿ ಹೊತ್ತ ಒಬ್ಬರು ಗಂಗೆಯ ಬಯಲಿನ ಈ ಆರ್ದ್ರತೆಯ ನಡುವೆ ಲಕ್ಷಾಂತರ ಪುಸ್ತಕಗಳನ್ನು ಕಾದರು ಎಂದು ನೆನೆದು ಹೆಮ್ಮೆಯಾಯಿತು.

ತೇವಕ್ಕೆ ಉತ್ತರ ಎಣ್ಣೆ. ಸ್ಪಿರಿಟ್ಟು ಆರಿದ ಮೇಲೆ ಒಂದೇ ಹನಿ ಎಣ್ಣೆಯನ್ನು ಹತ್ತಿಗೆ ಹಾಕಿ ಅಲಗಿಗೆಲ್ಲ ಸವರಿದರೆ ಗಾಳಿಗೂ ಉಕ್ಕಿಗೂ ನಡುವೆ ಗೋಡೆ ಎದ್ದಂತೆ. ಯಾವ ಎಣ್ಣೆ? ನಮ್ಮ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಇಲ್ಲಿನ ಪುಷ್ಯಮಾಸದ ಬೆಳಗಿಗೆ ಬಾಟಲಿ ತಲೆಕೆಳಗು ಮಾಡಿದರೂ ಬೀಳದು. ಅಡುಗೆಯ ಎಣ್ಣೆಗಳೆಲ್ಲ ದಿನ ಕಳೆದಂತೆ ಕಮಟಾಗಿ ಅಂಟುಗಟ್ಟುತ್ತವೆ, ಅಂಟಿಗೆ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು: ತೆಳು, ಕಮಟು ಹಿಡಿಯದು, ಅಗ್ಗ. ಆದರೆ ಮುಖಕ್ಕೆ ಹಚ್ಚುವುದಲ್ಲ. ಮರುದಿನ ಗಡ್ಡಕ್ಕೆ ಇಳಿಸುವ ಮೊದಲು ಮೆತ್ತನೆಯ ಕಾಗದದಿಂದ ಎಣ್ಣೆ ತೆಗೆದು, ಇನ್ನೊಮ್ಮೆ ಸ್ಪಿರಿಟ್ಟು ಸವರಿ, ಆರಿಸಬೇಕು. ಕತ್ತಿಯನ್ನು ಬಚ್ಚಲಿನಲ್ಲಿ ಇಡುವುದಂತೂ ಬೇಡ, ಅಲ್ಲಿ ಯಾವಾಗಲೂ ಮಳೆಗಾಲ.

ತುಕ್ಕು ಹಿಡಿಯದ ಕ್ಷೌರದ ಕತ್ತಿ ಬೇಕೆಂಬ ಆಸೆ ಎಷ್ಟು ಹಳೆಯದು ಎಂದು ಹುಡುಕುತ್ತಾ ಹೋದವನಿಗೆ ಕೊನೆಯಲ್ಲಿ ಸಿಕ್ಕಿದ್ದು ನಮ್ಮೂರೇ! ವಿದ್ಯುತ್ತಿನ ಮೈಕೇಲ್ ಫ್ಯಾರಡೆ, ಕಮ್ಮಾರನ ಮಗ, ತನ್ನ ಮೊದಮೊದಲ ಸಂಶೋಧನೆಯಲ್ಲಿ ಕೈಹಾಕಿದ್ದು ಉಕ್ಕಿಗೆ. 1819ರಲ್ಲಿ ಆತ ಪರೀಕ್ಷೆಗೆ ತೆಗೆದುಕೊಂಡದ್ದು ಭಾರತದ ಊಟ್ಸ್, ಅಂದರೆ ದಕ್ಷಿಣದ ಮೂಸೆಗಳಲ್ಲಿ ಕರಗಿಸಿದ ಉಕ್ಕು. ಅವನ ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಕತ್ತಿ ಕತ್ತರಿ ಮಾಡಿ ಮಾರುವವನು. ತನ್ನ ಶಸ್ತ್ರಚಿಕಿತ್ಸೆಯ ಸಲಕರಣೆ, ಕ್ಷೌರದ ಕತ್ತಿಗಳನ್ನು ಭಾರತದ ಈ ಉಕ್ಕಿನಿಂದ ಮಾಡುತ್ತೇನೆ, ವರ್ಷಗಟ್ಟಲೆ ಹೋಲಿಸಿ ನೋಡಿ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದನ್ನೇ ಮೆಚ್ಚಿದ್ದೇನೆ ಎಂದು ತನ್ನ ಅಂಗಡಿಯ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದ! ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ, ಕ್ರೋಮಿಯಂ ಬೆರೆಸಿ ಬೆರೆಸಿ ನೋಡಿದರು, 1820ರಲ್ಲೂ 1822ರಲ್ಲೂ ಬರೆದು ಪ್ರಕಟಿಸಿದರು. ಆ ಹೊಸ ಬೆರಕೆಯ ಉಕ್ಕಿನಲ್ಲಿ ಕ್ಷೌರದ ಕತ್ತಿ ಮಾಡಿಸಿ ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ. ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಸ್ಟೀಲನ್ನು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಮಾಡಿದ್ದು 1913ರಲ್ಲಿ.

ಆ ಊಟ್ಸ್ ಉಕ್ಕನ್ನು ಮೈಸೂರು ಸೀಮೆಯಲ್ಲಿ ಮಾಡುತ್ತಿದ್ದದ್ದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಹೊರಟ ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಮಾಗಡಿ ಕಡೆಯ ಕುಲುಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನೊಂದಿಗೆ ತಂಗಡಿ ಗಿಡದ ಕಡ್ಡಿ ಇಟ್ಟು, ಬಾಯಿ ಮುಚ್ಚಿ, ತಿದಿ ಒತ್ತಿ ಕರಗಿಸುತ್ತಿದ್ದರು. ಕಡ್ಡಿ ಇದ್ದಿಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ! ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ಅವನು ನೋಡಿದ. ಕೆಲವು ವರ್ಷಗಳ ಮೇಲೆ ಅದೇ ಬುಕಾನನ್ ಕಲ್ಕತ್ತೆಯ ಹತ್ತಿರದ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹದ ಉಸ್ತುವಾರಿ ನೋಡಿಕೊಂಡ, ಆ ಸಂಗ್ರಹದ ಪ್ರಾಣಿಗಳು ಮುಂದೆ ಬಂದು ಸೇರಿದ್ದು ನನ್ನ ಮನೆಯಿಂದ ಕೂಗಳತೆಯಲ್ಲಿರುವ ಅಲಿಪುರ ಮೃಗಾಲಯಕ್ಕೆ. ಜಗತ್ತು ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ!

ಮತ್ತೆ ಬಚ್ಚಲ ಕನ್ನಡಿಯ ಮುಂದೆ ಬರೋಣ, ಏಕೆಂದರೆ ಅತ್ಯಂತ ಗಂಭೀರವಾದದ್ದು ಉಳಿದಿದೆ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊಗೆ ಜಾನ್ ಎಂಬ ಅಣ್ಣನಿದ್ದ. 1842ರ ಹೊಸ ವರ್ಷದ ದಿನ ಜಾನ್ ತನ್ನ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುವಾಗ ಬೆರಳಿಗೆ ಸಣ್ಣದಾಗಿ ಕೊಯ್ದುಕೊಂಡ. ಗಾಯ ಎನ್ನಲೂ ಆಗದಷ್ಟು ಚಿಕ್ಕದು. ಜನವರಿ 11ಕ್ಕೆ ಧನುರ್ವಾತದಿಂದ ದವಡೆ ಕಚ್ಚಿಕೊಂಡು ತಮ್ಮನ ತೋಳಿನಲ್ಲೇ ಪ್ರಾಣಬಿಟ್ಟ. ಧನುರ್ವಾತ ತುಕ್ಕಿನಿಂದ ಬರುತ್ತದೆ ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ತುಕ್ಕಲ್ಲ, ಮಣ್ಣು ಧೂಳಿನಲ್ಲಿರುವ ಬೀಜಾಣು ಕಾರಣ, ಥಳಥಳಿಸುವ ಕತ್ತಿಯ ಮೇಲೂ ಅದು ಇರಬಹುದು. ಕಾಕ್ ತೋರಿಸಿದ ಹಾಗೆ ಬೀಜಾಣುವಿಗೆ ಸ್ಪಿರಿಟ್ಟು ತಾಗದು, ಸಾಮಾನ್ಯ ಕುದಿನೀರಿಗೂ ಅದು ಸುಲಭಕ್ಕೆ ಬಗ್ಗದು. ಇದಕ್ಕೆ ಕತ್ತಿಯಲ್ಲಿ ಉತ್ತರವಿಲ್ಲ, ತೋಳಿನಲ್ಲಿದೆ: ಧನುರ್ವಾತದ ಲಸಿಕೆ, ಹತ್ತು ವರ್ಷಕ್ಕೊಮ್ಮೆ. ಕ್ಷೌರದ ಕತ್ತಿ ಹಿಡಿಯುವವರು ಕಡೆಯ ಸಲ ಯಾವಾಗ ಹಾಕಿಸಿಕೊಂಡೆ ಎಂದು ಇವತ್ತೇ ಲೆಕ್ಕ ಹಾಕಲಿ. ಹೆಪಟೈಟಿಸ್ ಬಿ ಲಸಿಕೆಯನ್ನೂ ಅದರ ಜೊತೆಗೇ ಕೇಳಲಿ.

ಜಾನ್ ಉಜ್ಜುತ್ತಿದ್ದ ಆ ಚರ್ಮದ ಪಟ್ಟಿಯ ಬಗ್ಗೆಯೂ ಒಂದು ಮಾತು. ಪಟ್ಟಿಯನ್ನು ಸೋಂಕುಮುಕ್ತ ಮಾಡುವ ದಾರಿ ಇಲ್ಲವೆಂದೇ ಹೇಳಬೇಕು. ನೀರು ತಾಗಿದರೆ ಚರ್ಮ ಬಿರುಸಾಗುತ್ತದೆ, ಸ್ಪಿರಿಟ್ಟು ತಾಗಿದರೆ ಒಣಗಿ ಸೀಳುತ್ತದೆ. ಆದ್ದರಿಂದ ಪಟ್ಟಿಗೆ ಹೋಗುವ ಮೊದಲೇ ಕತ್ತಿ ಶುಚಿಯಾಗಿರಬೇಕು. ಕೊಳೆ ಕತ್ತಿ ಒಮ್ಮೆ ಪಟ್ಟಿಗೆ ತಾಗಿತೋ, ಮುಂದಿನ ಪ್ರತಿ ಸಲವೂ ಪಟ್ಟಿಯೇ ಕತ್ತಿಯನ್ನು ಕೊಳೆ ಮಾಡುತ್ತದೆ. ಪಟಿಕದ ಕಲ್ಲೂ ಹೀಗೆಯೇ. ಕೊಯ್ದ ಕಡೆ ಒತ್ತಿದರೆ ರಕ್ತ ನಿಲ್ಲಿಸುತ್ತದೆ, ಉರಿಯುತ್ತದೆ, ಉರಿದದ್ದರಿಂದ ರೋಗಾಣು ಸತ್ತಿತು ಎಂದು ನಂಬುತ್ತೇವೆ. ಆದರೆ ಒಂದೇ ಕಲ್ಲನ್ನು ಅಪ್ಪ, ಮಗ, ಭಾವ ಎಲ್ಲರೂ ಗಾಯಕ್ಕೆ ಒತ್ತಿಕೊಂಡರೆ ಎಲ್ಲರ ರಕ್ತವೂ ಒಂದೇ ಕಡೆ ಸೇರಿದಂತೆ. ಕತ್ತಿ, ಪಟ್ಟಿ, ಪಟಿಕ, ಬ್ರಷ್ಷು ನಾಲ್ಕೂ ಒಬ್ಬರಿಗೆ ಒಂದೊಂದು. ಇದರಲ್ಲಿ ದಾಕ್ಷಿಣ್ಯ ಕೂಡದು, ಮನೆಗೆ ಬಂದ ಅಳಿಯನಿಗೂ ಇಲ್ಲ!

ಬ್ರಷ್ಷೂ ಸಾಮಾನ್ಯದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಸೋಂಕು ಕಳೆಯದ ಕುದುರೆಕೂದಲಿನ ಅಗ್ಗದ ಬ್ರಷ್ಷುಗಳಿಂದ ಬ್ರಿಟನ್, ಅಮೆರಿಕಗಳ ಸೈನಿಕರಿಗೂ ಊರಿನವರಿಗೂ ಕೆನ್ನೆ ಕುತ್ತಿಗೆಯಲ್ಲಿ ಆಂಥ್ರಾಕ್ಸ್ ಹುಣ್ಣು ಎದ್ದಿತು. ಕಾಕ್‌ನ ರೇಷ್ಮೆ ದಾರದಲ್ಲಿ ಆಲ್ಕೊಹಾಲಿಗೆ ಬಗ್ಗದೆ ಉಳಿದ ಅದೇ ಬೀಜಾಣು! ಈಗಿನ ಬ್ರಷ್ಷಿಗೆ ಆ ಭಯವಿಲ್ಲ, ಆದರೂ ಚೆನ್ನಾಗಿ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಒಣಗಲು ಬಿಡಬೇಕು.

ಹಳೆಯ ಕತ್ತಿ ಕೊಳ್ಳುವ ಹುಚ್ಚಿರುವವರಿಗೆ ಕೋಲ್ಕತ್ತ ಸ್ವರ್ಗ. ರಸೆಲ್ ಬೀದಿಯ ಹರಾಜು ಅಂಗಡಿಗಳಲ್ಲಿ ಸಾಹೇಬರ ಕಾಲದ ಸಾಮಾನಿನ ನಡುವೆ ಇಂಗ್ಲೆಂಡು, ಜರ್ಮನಿಯ ಕತ್ತಿಗಳು ಕಣ್ಣು ಮಿಟುಕಿಸುತ್ತವೆ. ಅವುಗಳಲ್ಲಿ ದಂತದ ಹಾಗೆ, ಆಮೆಚಿಪ್ಪಿನ ಹಾಗೆ ಕಾಣುವ ಹಿಡಿ ಎಷ್ಟೋ ಸಲ ಸೆಲ್ಯುಲಾಯ್ಡ್. ಇದು ವಯಸ್ಸಾದಂತೆ ತಾನೇ ಕೊಳೆತು ಆಮ್ಲದ ಆವಿ ಬಿಡುತ್ತದೆ, ಒಳಗೆ ಮಡಚಿಟ್ಟ ಅಲಗನ್ನು ಆ ಆವಿಯೇ ತಿನ್ನುತ್ತದೆ! ಅಲಗಿನ ಮೇಲೆ ಹಿಡಿಯ ಆಕಾರದಲ್ಲೇ ತುಕ್ಕು ಕಂಡರೆ ಕಾರಣ ಅದು. ಸೆಲ್ಯುಲಾಯ್ಡನ್ನು ಸ್ಪಿರಿಟ್ಟು ಮೆತ್ತಗೆ ಮಾಡುತ್ತದೆ, ಬೆಂಕಿ ಧಗ್ಗನೆ ಹಿಡಿಯುತ್ತದೆ. ಆದ್ದರಿಂದ ಹಿಡಿಯನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಬಾರದು. ಅಲಗನ್ನು ಮಾತ್ರ ಸೋಪಿನಲ್ಲಿ ಉಜ್ಜಿ, ತುಕ್ಕು ತೆಗೆದು, ಸ್ಪಿರಿಟ್ಟಿನಲ್ಲಿ ತೊಯ್ದ ಹತ್ತಿ ಸುತ್ತಿ, ಆರದ ಹಾಗೆ ಮತ್ತೆ ಮತ್ತೆ ಹನಿಸುತ್ತಾ 10 ನಿಮಿಷ ಇಡಬೇಕು. ಹಿಂದೆ ಯಾರ ಮುಖದ ಮೇಲೆ ಓಡಾಡಿದೆಯೋ ಗೊತ್ತಿಲ್ಲದ ಕತ್ತಿಗೆ ಇದು ಕನಿಷ್ಠ ಮರ್ಯಾದೆ. ಗುಳಿ ಆಳವಾಗಿ ಅಂಚಿನವರೆಗೂ ಬಂದಿದ್ದರೆ ಗಾಜಿನ ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡಬೇಕು, ಕೆನ್ನೆಗೆ ತರಬಾರದು.

ಅರೆಬ್ಲೇಡು ಬಳಸುವವರು ತೆಗೆದ ಬ್ಲೇಡನ್ನು ಏನು ಮಾಡಬೇಕು ಎಂಬುದನ್ನೂ ಹೇಳಲೇಬೇಕು. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ ಬ್ಲೇಡು ಇಲ್ಲಿಂದ ಧಾಪಾದ ಕಸದ ಗುಡ್ಡದವರೆಗೆ ಎಷ್ಟೋ ಬರಿಗೈಗಳನ್ನು ದಾಟಿ ಹೋಗುತ್ತದೆ. ಅದರ ಮೇಲೆ ನಮ್ಮ ರಕ್ತದ ಕಲೆ ಇನ್ನೂ ಉಳಿದಿರಬಹುದು. ಒಂದು ಖಾಲಿ ಪೌಡರ್ ಡಬ್ಬಿ ತೆಗೆದುಕೊಂಡು, ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ ಬಚ್ಚಲ ಹೊರಗಿನ ಗೂಡಿನಲ್ಲಿಡಿ. ತುಂಬಲು ವರ್ಷವೇ ಹಿಡಿಯುತ್ತದೆ. ತುಂಬಿದ ಮೇಲೆ ಸೀಳಿಗೆ ಗಟ್ಟಿಯಾಗಿ ಟೇಪು ಸುತ್ತಿ, ಮೇಲೆ ದೊಡ್ಡ ಅಕ್ಷರದಲ್ಲಿ ಬ್ಲೇಡು ಎಂದು ಬರೆದು, ಕಸ ಒಯ್ಯಲು ಬಂದವರ ಕೈಗೇ ಕೊಟ್ಟು ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ.